ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಬೂಟ್ ಆಗುವ ಪೆನ್‌ಡ್ರೈವ್ ತಯಾರಿಸುವ ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಸುರಕ್ಷತಾ ಘಟಕ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ನಂತರದ ಪ್ರೊಸೆಸರ್ ಕೇಳುತ್ತದೆ. ಹತ್ತು ವರ್ಷದ ಹಿಂದೆ ಕೊಂಡ, ಪರದೆಯೂ ಕೀಬೋರ್ಡೂ ಇನ್ನೂ ಗಟ್ಟಿಯಾಗಿರುವ ಎಷ್ಟೋ ಲ್ಯಾಪ್‌ಟಾಪುಗಳು ಇದರಿಂದ ಅತಂತ್ರವಾದವು. ಅವನ್ನು ಗುಜರಿಗೆ ಹಾಕುವ ಮೊದಲು, ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್ ಹಾಕಿ ನೋಡಿ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ, 4 ಜಿಬಿ ಇದ್ದರೆ ದಿನನಿತ್ಯದ ಕೆಲಸಕ್ಕೆ ಸಾಕು. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿರುವ ಮಿಂಟ್ 22ರ ಸರಣಿಗೆ 2029ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ.

ಹೊಸಬರು ಎಡವುವುದು ಮಿಂಟ್ ಇನ್‌ಸ್ಟಾಲ್ ಮಾಡುವಾಗ ಅಲ್ಲ, ಅದಕ್ಕೂ ಮೊದಲು, ಪೆನ್‌ಡ್ರೈವ್ ತಯಾರಿಸುವಾಗ. ಡೌನ್‌ಲೋಡ್ ಸರಿಯಿದೆಯೇ, ಯಂತ್ರದ ಬಗೆಗೆ ತಕ್ಕಂತೆ ಬರೆದಿದೆಯೇ, ಬರೆದದ್ದು ಪೆನ್‌ಡ್ರೈವಿನಲ್ಲಿ ಸರಿಯಾಗಿ ಕೂತಿದೆಯೇ ಎಂಬ ಮೂರು ತಾಳೆಗಳನ್ನು ಬಿಡದೆ ಮಾಡಿದರೆ ಮುಂದಿನ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಈ ಬರಹದ ಹೆಚ್ಚಿನ ಭಾಗ ಆ ತಾಳೆಗಳ ಬಗ್ಗೆಯೇ ಇದೆ.

ಫೈಲ್ ಕಾಪಿ ಮಾಡಿದರೆ ಯಾಕೆ ಸಾಲದು

ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಎಳೆದು ಪೆನ್‌ಡ್ರೈವಿಗೆ ಹಾಕಿದರೆ ಕಂಪ್ಯೂಟರ್ ಅದರಿಂದ ಬೂಟ್ ಆಗುವುದಿಲ್ಲ. ಯಾಕೆಂದು ತಿಳಿದುಕೊಂಡರೆ ಮುಂದೆ ರುಫಸ್ (ಪೆನ್‌ಡ್ರೈವ್ ತಯಾರಿಸುವ ತಂತ್ರಾಂಶ) ಕೇಳುವ ಪ್ರಶ್ನೆಗಳೆಲ್ಲ ಅರ್ಥವಾಗುತ್ತವೆ.

ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನೊಳಗೇ ಇರುವ ತಂತ್ರಾಂಶ. ಹಳೆಯ ಬಯಾಸ್ ಮಾದರಿಯಲ್ಲಿ ಅದು ಡ್ರೈವಿನ ಮೊಟ್ಟಮೊದಲ 512 ಬೈಟ್ ಓದಿ, ಅಲ್ಲಿರುವ ಪುಟ್ಟ ಪ್ರೋಗ್ರಾಮಿಗೆ ಅಧಿಕಾರ ಒಪ್ಪಿಸುತ್ತದೆ. ಹೊಸ ಯುಇಎಫ್‌ಐ ಮಾದರಿ ಆ ಜಾಗವನ್ನು ಬೂಟ್‌ಗಾಗಿ ನೋಡುವುದಿಲ್ಲ. ಪೆನ್‌ಡ್ರೈವಿನಲ್ಲಿ ಫ್ಯಾಟ್32 ಎಂಬ ಫೈಲ್ ಸಿಸ್ಟಮ್ ಇರುವ ವಿಭಾಗ ಹುಡುಕಿ, ಅದರೊಳಗೆ ‘ಇಎಫ್‌ಐ’ ಫೋಲ್ಡರ್, ಅದರೊಳಗೆ ‘ಬೂಟ್’ ಫೋಲ್ಡರ್, ಅಲ್ಲಿ ನಿಗದಿತ ಹೆಸರಿನ ಒಂದು ಫೈಲ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನು ನಡೆಸುತ್ತದೆ, ಇಲ್ಲದಿದ್ದರೆ ಮುಂದಿನ ಡ್ರೈವಿಗೆ ಹೋಗುತ್ತದೆ.

ಐಎಸ್‌ಒ ಎಂಬುದು ಮೂಲತಃ ಸಿಡಿಯ ಪಡಿಯಚ್ಚು. ಒಳಗಿರುವ ಫೋಲ್ಡರುಗಳು, ಬೂಟ್ ಪ್ರೋಗ್ರಾಮುಗಳು ಎಲ್ಲವೂ ಒಂದೇ ಫೈಲಿನಲ್ಲಿ ಕಟ್ಟಿಟ್ಟ ಗಂಟು. ಗಂಟನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿದರೆ ಫರ್ಮ್‌ವೇರ್‌ಗೆ ಕಾಣುವುದು ಮೂರು ಜಿಬಿಯ ಒಂದು ಫೈಲ್ ಮಾತ್ರ. ಗಂಟು ಬಿಚ್ಚಿ, ಪ್ರತಿಯೊಂದನ್ನೂ ಫರ್ಮ್‌ವೇರ್ ಹುಡುಕುವ ಜಾಗದಲ್ಲಿ ಇಡುವುದೇ ರುಫಸ್‌ನಂಥ ತಂತ್ರಾಂಶದ ಕೆಲಸ.

ಬೇಕಾಗುವ ಸಾಮಾನು

8 ಜಿಬಿ ಅಥವಾ ಹೆಚ್ಚಿನ ಒಂದು ಪೆನ್‌ಡ್ರೈವ್, ವಿಂಡೋಸ್ ಓಡುತ್ತಿರುವ ಒಂದು ಕಂಪ್ಯೂಟರ್, ಮೂರು ಜಿಬಿ ಇಳಿಸಿಕೊಳ್ಳುವಷ್ಟು ಇಂಟರ್ನೆಟ್. ಪೆನ್‌ಡ್ರೈವಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಮಕ್ಕಳ ಫೋಟೋ, ಆಫೀಸಿನ ಕಡತ ಏನಿದ್ದರೂ ಮೊದಲು ಬೇರೆಡೆ ಇಡಿ.

ಪೆನ್‌ಡ್ರೈವ್ ವಿಚಾರದಲ್ಲಿ ಒಂದು ಮಾತು. 64 ಜಿಬಿ ಎಂದು ಅಚ್ಚುಹಾಕಿ ಒಳಗೆ 8 ಜಿಬಿ ಚಿಪ್ ಇಟ್ಟ ನಕಲಿ ಮಾಲು ಮಾರುಕಟ್ಟೆಯಲ್ಲಿದೆ. ಕಂಪ್ಯೂಟರ್ ಅದನ್ನು 64 ಜಿಬಿ ಎಂದೇ ತೋರಿಸುತ್ತದೆ. ನಿಜವಾದ ಅಳತೆ ಮೀರಿ ಬರೆದದ್ದು ಮಾತ್ರ ಸದ್ದಿಲ್ಲದೆ ಕಳೆದುಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಗೊತ್ತಿರುವ ಬ್ರ್ಯಾಂಡ್ ಆರಿಸಿ, ಬಿಲ್ ತೆಗೆದುಕೊಳ್ಳಿ. ಅನುಮಾನ ಬಂದರೆ ಪರೀಕ್ಷಿಸುವ ದಾರಿಯನ್ನು ಮುಂದೆ ಹೇಳಿದ್ದೇನೆ.

ನಿಮ್ಮ ಯಂತ್ರ ಯಾವ ಬಗೆಯದು

ಲಿನಕ್ಸ್ ಹಾಕಬೇಕಾದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇನ್ನೂ ಏಳುತ್ತಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಎಂದು ಹುಡುಕಿ ತೆರೆಯಿರಿ. ಅಲ್ಲಿ ಮೂರು ಸಾಲು ನೋಡಿ ಬರೆದಿಟ್ಟುಕೊಳ್ಳಿ. ‘ಬಯಾಸ್ ಮೋಡ್’ ಎದುರು ಯುಇಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ. ‘ಸೆಕ್ಯೂರ್ ಬೂಟ್ ಸ್ಟೇಟ್’ (ನಂಬಿಕೆಯ ಸಹಿ ಇರುವ ಬೂಟ್ ಪ್ರೋಗ್ರಾಮನ್ನಷ್ಟೇ ಏಳಿಸುವ ರಕ್ಷಣೆ) ಆನ್ ಇದೆಯೋ ಆಫ್ ಇದೆಯೋ. ‘ಸಿಸ್ಟಮ್ ಟೈಪ್’ ಎದುರು ಎಕ್ಸ್64 ಎಂದಿದೆಯೋ. ಕೊನೆಯದು ಎಕ್ಸ್86 ಎಂದಿದ್ದರೆ ಈಗಿರುವ ವಿಂಡೋಸ್ 32 ಬಿಟ್‌ನದು ಎಂದಷ್ಟೇ ಅರ್ಥ. ಪ್ರೊಸೆಸರ್ 64 ಬಿಟ್‌ನದೇ ಆಗಿರಬಹುದು, ಅದರ ಮಾದರಿ ಸಂಖ್ಯೆ ಹುಡುಕಿ ಖಚಿತಪಡಿಸಿಕೊಳ್ಳಿ. ಮಿಂಟ್ 22 ಇರುವುದು 64 ಬಿಟ್‌ನಲ್ಲಿ ಮಾತ್ರ.

ಇದೇ ಹೊತ್ತಿನಲ್ಲಿ ಮಾಡಬೇಕಾದ ಇನ್ನೊಂದು ಕೆಲಸವಿದೆ, ದಯವಿಟ್ಟು ಇದನ್ನು ಹಾರಿಸಬೇಡಿ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಕಡತಗಳಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ ತಾನಾಗಿಯೇ ಆನ್ ಆಗಿರುತ್ತದೆ. ಬಯಾಸ್‌ಗೆ, ಅಂದರೆ ಫರ್ಮ್‌ವೇರ್‌ನ ಸೆಟ್ಟಿಂಗ್ ಪರದೆಗೆ ಹೋಗಿ ಸೆಕ್ಯೂರ್ ಬೂಟ್ ಬದಲಿಸಿದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿ ನಿಂತುಬಿಡಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಆ ಕೀ ಸಾಮಾನ್ಯವಾಗಿ ನಿಮ್ಮ ಖಾತೆಯ ಪುಟದಲ್ಲಿ ಇರುತ್ತದೆ. ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಡಿ. ಕೀ ಇಲ್ಲದೆ ಆ ಡಿಸ್ಕಿನ ಕಡತಗಳನ್ನು ಯಾವ ಸರ್ವೀಸ್ ಸೆಂಟರೂ ತೆರೆದುಕೊಡಲಾರದು.

ಡೌನ್‌ಲೋಡ್, ಮತ್ತು ಮೊದಲ ತಾಳೆ

ಲಿನಕ್ಸ್‌ಮಿಂಟ್ ಡಾಟ್ ಕಾಮ್‌ಗೆ ಹೋಗಿ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ಆವೃತ್ತಿಗಳು ಕಾಣುತ್ತವೆ. 4 ಜಿಬಿಗಿಂತ ಕಡಿಮೆ ರ‍್ಯಾಮ್ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ, ಉಳಿದವರಿಗೆ ಸಿನಮನ್. ಇಂಟರ್ನೆಟ್ ಆಗಾಗ ಕಡಿಯುವ ಊರಿನಲ್ಲಿದ್ದರೆ ಟೊರೆಂಟ್ ಒಳ್ಳೆಯದು: ನಿಂತಲ್ಲಿಂದ ಮುಂದುವರಿಯುತ್ತದೆ, ಇಳಿದ ಪ್ರತಿ ತುಣುಕನ್ನೂ ತಾನೇ ಪರೀಕ್ಷಿಸಿಕೊಳ್ಳುತ್ತದೆ.

ಫೈಲ್ ಪೂರ್ತಿ ಇಳಿದ ಮಾತ್ರಕ್ಕೆ ಅದು ಸರಿಯಿದೆ ಎಂದಲ್ಲ. ಡೌನ್‌ಲೋಡ್ ಪುಟದಲ್ಲೇ ಶಾ-256 ಹ್ಯಾಶ್ ಇರುವ ಪಠ್ಯ ಫೈಲಿನ ಕೊಂಡಿ ಇದೆ. ಹ್ಯಾಶ್ ಎಂದರೆ ಇಡೀ ಫೈಲಿನಿಂದ ಲೆಕ್ಕಹಾಕಿ ತೆಗೆದ 64 ಅಕ್ಷರಗಳ ಗುರುತು. ಮೂರು ಜಿಬಿಯಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಲೆಕ್ಕಹಾಕಲು ಬೇರೆ ಸಲಕರಣೆ ಬೇಡ. ರುಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ ‘ಸೆಲೆಕ್ಟ್’ ಬಟನ್ನಿನ ಪಕ್ಕದಲ್ಲಿ ಸಣ್ಣ ಟಿಕ್ ಗುರುತು ಇರುತ್ತದೆ. ಅದನ್ನು ಒತ್ತಿ, ಬಂದ ಶಾ-256 ಸಾಲನ್ನು ಜಾಲತಾಣದ ಸಾಲಿನ ಜೊತೆ ಹೋಲಿಸಿ. ಮೊದಲ ನಾಲ್ಕು ಅಕ್ಷರ ನೋಡಿ ಬಿಡಬೇಡಿ, ಎರಡನ್ನೂ ನೋಟ್‌ಪ್ಯಾಡಿನಲ್ಲಿ ಒಂದರ ಕೆಳಗೊಂದು ಅಂಟಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. 2016ರ ಫೆಬ್ರುವರಿ 20ರಂದು ಮಿಂಟ್‌ನ ಜಾಲತಾಣಕ್ಕೇ ದಾಳಿಕೋರರು ನುಗ್ಗಿ, ಮಿಂಟ್ 17.3 ಸಿನಮನ್‌ನ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲು ಅಡಗಿಸಿದ ಐಎಸ್‌ಒ ಕಡೆಗೆ ತಿರುಗಿಸಿದರು. ಅಧಿಕೃತ ತಾಣದಿಂದಲೇ ಇಳಿಸಿಕೊಂಡವರಿಗೂ ಅಂದು ವಿಷ ಸಿಕ್ಕಿತು. ತಂಡ ಬೇಗ ಪತ್ತೆಹಚ್ಚಿ, ಸರಿಯಾದ ಹ್ಯಾಶ್‌ಗಳನ್ನು ಪ್ರಕಟಿಸಿ ಎಲ್ಲರನ್ನೂ ಎಚ್ಚರಿಸಿತು. ತಾಣವೇ ಕೈತಪ್ಪಿದರೆ ಅಲ್ಲಿರುವ ಹ್ಯಾಶ್ ಅನ್ನೂ ಬದಲಿಸಬಹುದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕಾಗಿಯೇ ಹ್ಯಾಶ್ ಫೈಲಿಗೆ ಮಿಂಟ್ ತಂಡ ಜಿಪಿಜಿ ಎಂಬ ಡಿಜಿಟಲ್ ಸಹಿಯನ್ನೂ ಹಾಕುತ್ತದೆ. ಆಫೀಸು, ಶಾಲೆ, ಸಂಘಸಂಸ್ಥೆಗಳ ಹತ್ತಾರು ಯಂತ್ರಗಳಿಗೆ ಹಾಕುವವರು ಸಹಿಯನ್ನೂ ಪರೀಕ್ಷಿಸಲೇಬೇಕು. ವಿಂಡೋಸ್‌ನಲ್ಲಿ ಅದಕ್ಕೆ ಕ್ಲಿಯೋಪಾತ್ರ ಎಂಬ ತಂತ್ರಾಂಶವಿದೆ.

ಹ್ಯಾಶ್ ತಾಳೆಯಾಗದಿದ್ದರೆ ಆ ಫೈಲ್ ಅಳಿಸಿ, ಬೇರೆ ಮಿರರ್‌ನಿಂದ (ಅದೇ ಫೈಲ್ ಇಟ್ಟಿರುವ ಇನ್ನೊಂದು ತಾಣದಿಂದ) ಮತ್ತೆ ಇಳಿಸಿ. ‘ನೋಡೋಣ, ಆಗಬಹುದು’ ಎಂದು ಮುಂದುವರಿಯುವುದು ಬೇಡ. ಕೆಟ್ಟ ಐಎಸ್‌ಒ ಹಲವು ಸಲ ಬೂಟ್ ಆಗಿಯೂ ಬಿಡುತ್ತದೆ, ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ, ಹಳೆಯ ವಿಭಾಗಗಳೆಲ್ಲ ಅಳಿದ ಮೇಲೆ ಕೈಕೊಡುತ್ತದೆ.

ರುಫಸ್‌ನಲ್ಲಿ ಬರೆಯುವುದು

ರುಫಸ್ ಉಚಿತ, ಮುಕ್ತ ತಂತ್ರಾಂಶ. ಪೀಟ್ ಬಟಾರ್ಡ್ 2011ರಿಂದ ಅದನ್ನು ಬೆಳೆಸಿಕೊಂಡು ಬಂದಿದ್ದಾರೆ. ರುಫಸ್ ಡಾಟ್ ಐಇ ಎಂಬ ತಾಣದಿಂದಲೇ ಇಳಿಸಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತು ಕೊಂಡಿಗಳನ್ನು ಒತ್ತಬೇಡಿ. ಇನ್‌ಸ್ಟಾಲ್ ಮಾಡಬೇಕಿಲ್ಲ, ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತದೆ.

ಮೊದಲು ಬೇರೆ ಯುಎಸ್‌ಬಿ ಡ್ರೈವುಗಳನ್ನೆಲ್ಲ ಕಿತ್ತಿಡಿ. ರುಫಸ್ ಹೊರಗಿನ ಹಾರ್ಡ್‌ಡಿಸ್ಕುಗಳನ್ನು ಸಾಮಾನ್ಯವಾಗಿ ಪಟ್ಟಿಯಲ್ಲಿ ತೋರಿಸುವುದಿಲ್ಲ, ಆದರೂ ಕಿತ್ತಿಟ್ಟರೆ ತಪ್ಪಾಗುವ ದಾರಿಯೇ ಮುಚ್ಚುತ್ತದೆ. ಈಗ ಒಂದೊಂದಾಗಿ:

1. ‘ಡಿವೈಸ್’ ಎದುರು ನಿಮ್ಮ ಪೆನ್‌ಡ್ರೈವಿನ ಹೆಸರು, ಅಳತೆ ಎರಡೂ ಸರಿಯಿವೆಯೇ ನೋಡಿ.

2. ‘ಬೂಟ್ ಸೆಲೆಕ್ಷನ್’ ಬಳಿ ‘ಸೆಲೆಕ್ಟ್’ ಒತ್ತಿ ಐಎಸ್‌ಒ ಆರಿಸಿ. ಮೇಲೆ ಹೇಳಿದ ಹ್ಯಾಶ್ ತಾಳೆಯನ್ನು ಇಲ್ಲೇ ಮಾಡಿ.

3. ‘ಪರ್ಸಿಸ್ಟೆಂಟ್ ಪಾರ್ಟಿಷನ್’ (ಮಾಡಿದ ಬದಲಾವಣೆಗಳನ್ನು ಪೆನ್‌ಡ್ರೈವಿನಲ್ಲೇ ಉಳಿಸಿಡುವ ಜಾಗ) ಎಂದು ಕಂಡರೆ ಸೊನ್ನೆಯಲ್ಲೇ ಬಿಡಿ.

4. ‘ಪಾರ್ಟಿಷನ್ ಸ್ಕೀಮ್’, ಅಂದರೆ ಡ್ರೈವನ್ನು ವಿಭಾಗಿಸುವ ಪದ್ಧತಿ: ಹಳೆಯದು ಎಂಬಿಆರ್, ಹೊಸದು ಜಿಪಿಟಿ. ಇಂಟರ್ನೆಟ್ಟಿನ ಬಹಳಷ್ಟು ಪಾಠಗಳು ಯುಇಎಫ್‌ಐ ಯಂತ್ರಕ್ಕೆ ಜಿಪಿಟಿಯನ್ನೇ ಆರಿಸಿ ಎನ್ನುತ್ತವೆ. ತಪ್ಪಲ್ಲ. ಆದರೆ ಲಿನಕ್ಸ್‌ಗೆ ನನ್ನ ಸಲಹೆ ಎಂಬಿಆರ್. ಆಗ ‘ಟಾರ್ಗೆಟ್ ಸಿಸ್ಟಮ್’ ಎದುರು ‘ಬಯಾಸ್ ಆರ್ ಯುಇಎಫ್‌ಐ’ ಎಂದು ಬರುತ್ತದೆ, ಒಂದೇ ಪೆನ್‌ಡ್ರೈವ್ ಹಳೆಯ ಡೆಸ್ಕ್‌ಟಾಪಿನಲ್ಲೂ ಹೊಸ ಲ್ಯಾಪ್‌ಟಾಪಿನಲ್ಲೂ ಏಳುತ್ತದೆ. ಇದು ಪೆನ್‌ಡ್ರೈವಿನ ವಿಭಜನೆ ಮಾತ್ರ. ನಿಮ್ಮ ಹಾರ್ಡ್‌ಡಿಸ್ಕ್ ಜಿಪಿಟಿ ಆಗಿದ್ದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

5. ‘ಫೈಲ್ ಸಿಸ್ಟಮ್’ ಫ್ಯಾಟ್32, ಕ್ಲಸ್ಟರ್ ಅಳತೆ ಇದ್ದ ಹಾಗೇ ಇರಲಿ.

6. ಪೆನ್‌ಡ್ರೈವ್ ಮೇಲೆ ಅನುಮಾನವಿದ್ದರೆ ‘ಅಡ್ವಾನ್ಸ್ಡ್ ಫಾರ್ಮ್ಯಾಟ್ ಆಪ್ಷನ್ಸ್’ ಬಿಚ್ಚಿ, ಕೆಟ್ಟ ಬ್ಲಾಕ್ ಹುಡುಕುವ ಆಯ್ಕೆಗೆ ಟಿಕ್ ಹಾಕಿ. ಇಡೀ ಡ್ರೈವಿಗೆ ಬರೆದು ಓದಿ ನೋಡುವುದರಿಂದ ನಕಲಿ ಅಳತೆಯ ಮಾಲು ಇಲ್ಲೇ ಸಿಕ್ಕಿಬೀಳುತ್ತದೆ. ತುಂಬ ಹೊತ್ತು ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಬಹುದು.

7. ‘ಸ್ಟಾರ್ಟ್’ ಒತ್ತಿ. ಐಎಸ್‌ಒ ಮೋಡ್ ಬೇಕೋ ಡಿಡಿ ಮೋಡ್ ಬೇಕೋ ಎಂದು ಕೇಳುತ್ತದೆ. ಮೊದಲ ಸಲ ಐಎಸ್‌ಒ ಮೋಡ್ ಇರಲಿ. ಬೂಟ್‌ಲೋಡರಿನ ಕೆಲವು ಫೈಲುಗಳನ್ನು ಇಂಟರ್ನೆಟ್ಟಿನಿಂದ ತರಲೇ ಎಂದರೆ ‘ಯೆಸ್’ ಕೊಡಿ.

ಐಎಸ್‌ಒ ಮೋಡ್‌ನಲ್ಲಿ ರುಫಸ್ ಒಳಗಿನ ಫೈಲುಗಳನ್ನು ಬಿಚ್ಚಿ ಜೋಡಿಸುತ್ತದೆ. ಪೆನ್‌ಡ್ರೈವ್ ವಿಂಡೋಸ್‌ನಲ್ಲೂ ಎಂದಿನಂತೆ ತೆರೆಯುತ್ತದೆ. ಡಿಡಿ ಮೋಡ್‌ನಲ್ಲಿ ಐಎಸ್‌ಒ ಒಳಗಿನ ಒಂದೊಂದು ಬೈಟನ್ನೂ ಇದ್ದ ಕ್ರಮದಲ್ಲೇ ಪೆನ್‌ಡ್ರೈವಿನ ಮೊದಲ ಬೈಟಿನಿಂದ ಬರೆಯುತ್ತದೆ. ಐಎಸ್‌ಒ ಮೋಡಿನದು ಬೂಟ್ ಆಗದಿದ್ದರೆ ಎರಡನೆಯ ಸಲ ಡಿಡಿ ಪ್ರಯತ್ನಿಸಿ. ಆದರೆ ನೆನಪಿರಲಿ: ಡಿಡಿ ಮೋಡಿನಲ್ಲಿ ಬರೆದ ಪೆನ್‌ಡ್ರೈವ್ ಚುಚ್ಚಿದಾಗ ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ತೋರಿಸಬಹುದು. ಒಪ್ಪಬೇಡಿ. ವಿಂಡೋಸ್‌ಗೆ ಆ ವಿಭಾಗ ಓದಲು ಬರುವುದಿಲ್ಲ ಅಷ್ಟೇ, ಪೆನ್‌ಡ್ರೈವ್ ಕೆಟ್ಟಿಲ್ಲ.

ಕೆಲಸ ಮುಗಿದು ‘ರೆಡಿ’ ಎಂದು ಬಂದ ಮೇಲೆ ರುಫಸ್ ಮುಚ್ಚಿ, ಇಜೆಕ್ಟ್ ಮಾಡಿಯೇ ತೆಗೆಯಿರಿ.

ಬೇರೆ ದಾರಿಗಳು

ಈಗಾಗಲೇ ಮಿಂಟ್ ಬಳಸುವವರಿಗೆ ಇದಕ್ಕಿಂತ ಸುಲಭ. ಐಎಸ್‌ಒ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪರೀಕ್ಷಿಸುವ ಆಯ್ಕೆಯೂ ಬೂಟ್ ಆಗುವ ಪೆನ್‌ಡ್ರೈವ್ ಮಾಡುವ ಆಯ್ಕೆಯೂ ಅಲ್ಲೇ ಸಿಗುತ್ತವೆ. ಟರ್ಮಿನಲ್‌ನಲ್ಲಿ ಡಿಡಿ ಆದೇಶ ಬಳಸುವವರು ಡ್ರೈವಿನ ಹೆಸರನ್ನು ಪ್ರತಿ ಸಲವೂ ನೋಡಿಯೇ ಬರೆಯಿರಿ. ಒಂದಕ್ಷರ ತಪ್ಪಿದರೆ ಅದು ನಿಮ್ಮ ಹಾರ್ಡ್‌ಡಿಸ್ಕನ್ನೇ ಒಂದು ಪ್ರಶ್ನೆಯೂ ಕೇಳದೆ ಅಳಿಸುತ್ತದೆ. ಮ್ಯಾಕ್‌ನಲ್ಲಿ ಕುಳಿತು ಪೆನ್‌ಡ್ರೈವ್ ಮಾಡುವವರಿಗೆ ಬಲೇನಾ ಎಚರ್ ಇದೆ. ಅದು ಬರೆದ ಮೇಲೆ ಮತ್ತೆ ಓದಿ ಹೋಲಿಸುತ್ತದೆ, ಹೊಸಬರಿಗೆ ಒಳ್ಳೆಯದು.

ಕಾಲೇಜು ಲ್ಯಾಬ್ ನೋಡಿಕೊಳ್ಳುವವರು, ರಿಪೇರಿ ಅಂಗಡಿಯವರು ವೆಂಟಾಯ್ ಕಲಿಯಲೇಬೇಕು. ಅದನ್ನು ಒಮ್ಮೆ ಪೆನ್‌ಡ್ರೈವಿಗೆ ಇನ್‌ಸ್ಟಾಲ್ ಮಾಡಿದರೆ, ಆಮೇಲೆ ಐಎಸ್‌ಒ ಫೈಲುಗಳನ್ನು ಬರೀ ಕಾಪಿ ಮಾಡಿದರೆ ಸಾಕು. ಬೂಟ್ ಆದಾಗ ಪಟ್ಟಿ ತೋರಿಸುತ್ತದೆ. ಮೇಲೆ ‘ಕಾಪಿ ಮಾಡಿದರೆ ಸಾಲದು’ ಎಂದ ಮಾತಿಗೆ ಇದು ವಿರುದ್ಧವಲ್ಲ: ಇಲ್ಲಿ ಫರ್ಮ್‌ವೇರ್ ಮೊದಲು ಎಬ್ಬಿಸುವುದು ವೆಂಟಾಯ್ ಅನ್ನು, ಐಎಸ್‌ಒ ತೆರೆಯುವುದು ವೆಂಟಾಯ್. ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರದಲ್ಲಿ ಮೊದಲ ಸಲ ಅದರ ಕೀ ನೋಂದಾಯಿಸಬೇಕಾಗುತ್ತದೆ.

ವಿಂಡೋಸ್ 11ರ ಪೆನ್‌ಡ್ರೈವ್ ಬೇಕಾದವರಿಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಸಾಕು. ಅಲ್ಲಿ ಐಎಸ್‌ಒ ಇಳಿಸಿ ರುಫಸ್‌ನಲ್ಲಿ ಬರೆದರೆ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಎಂದು ಬರುವುದು ಕಂಡು ಗಾಬರಿಯಾಗಬೇಡಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ವಿಂಡೋಸ್‌ನ ಮುಖ್ಯ ಫೈಲ್ ಅದನ್ನು ಮೀರಿದೆ. ಹಾಗಾಗಿ ರುಫಸ್ ಎನ್‌ಟಿಎಫ್‌ಎಸ್ ಬಳಸಿ, ಯುಇಎಫ್‌ಐ ಅದನ್ನು ಓದುವಂತೆ ಮಾಡಲು ಪಕ್ಕದಲ್ಲಿ ಇನ್ನೊಂದು ಚಿಕ್ಕ ವಿಭಾಗ ಇಡುತ್ತದೆ.

ಬೂಟ್ ಮಾಡುವುದು

ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಡೆಲ್ ಮತ್ತು ಥಿಂಕ್‌ಪ್ಯಾಡ್‌ಗಳಲ್ಲಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಆಸುಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಅನೇಕ ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸ್‌ಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು. ಲೆನೊವೊ ಐಡಿಯಾಪ್ಯಾಡ್‌ಗಳ ಬದಿಯಲ್ಲಿ ನೋವೋ ಎಂಬ ಸಣ್ಣ ಗುಂಡಿ ಅಥವಾ ಪಿನ್ ಚುಚ್ಚುವ ತೂತು ಇರುವುದುಂಟು.

ಯಾವ ಕೀಯೂ ಹಿಡಿಯುತ್ತಿಲ್ಲವೆಂದರೆ ಸಾಮಾನ್ಯವಾಗಿ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಅಥವಾ ಬಯಾಸ್‌ನ ಫಾಸ್ಟ್ ಬೂಟ್. ವಿಂಡೋಸ್‌ನೊಳಗೆ ಶಿಫ್ಟ್ ಹಿಡಿದುಕೊಂಡು ‘ರೀಸ್ಟಾರ್ಟ್’ ಒತ್ತಿ. ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಆರಿಸಿದರೆ ಪೆನ್‌ಡ್ರೈವ್ ಕಾಣುತ್ತದೆ.

ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಹಿಂದೆ ಯುಇಎಫ್‌ಐ ಎಂದಿರುತ್ತದೆ. ಇಲ್ಲಿ ಆರಿಸುವುದೇ ಇನ್‌ಸ್ಟಾಲ್ ಯಾವ ಬಗೆಯದಾಗುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ‘ಬಯಾಸ್ ಮೋಡ್’ ಎದುರು ನೀವು ಬರೆದಿಟ್ಟದ್ದು ಯುಇಎಫ್‌ಐ ಆಗಿದ್ದರೆ ಅದನ್ನೇ ಆರಿಸಿ. ವಿಂಡೋಸ್ ಒಂದು ಬಗೆ, ಲಿನಕ್ಸ್ ಇನ್ನೊಂದು ಬಗೆ ಆದರೆ ಆಮೇಲೆ ಒಂದೇ ಮೆನುವಿನಿಂದ ಎರಡನ್ನೂ ಏಳಿಸಲು ಆಗದೆ ಒದ್ದಾಡಬೇಕಾಗುತ್ತದೆ.

ಮಿಂಟ್‌ನ ಮೆನು ಬಂದಾಗ ಮೊದಲ ಸಾಲು ಒತ್ತುವ ಮುನ್ನ ಮಾಧ್ಯಮದ ಸಮಗ್ರತೆ ಪರೀಕ್ಷಿಸುವ ಆಯ್ಕೆ ಕಂಡರೆ ಅದನ್ನು ನಡೆಸಿ. ಡೌನ್‌ಲೋಡ್ ಸರಿಯಿತ್ತು ಎಂಬುದನ್ನು ಹ್ಯಾಶ್ ಹೇಳಿತ್ತು, ಪೆನ್‌ಡ್ರೈವಿನಲ್ಲಿ ಬರೆದ ಫೈಲುಗಳು ಸರಿಯಿವೆಯೇ ಎಂಬುದನ್ನು ಇದು ಹೇಳುತ್ತದೆ.

ಏಳದಿದ್ದರೆ

ಸೆಕ್ಯೂರ್ ಬೂಟ್ ಆನ್ ಇದ್ದರೂ ಮಿಂಟ್ ಏಳಬೇಕು, ಅದರ ಮೊದಲ ಬೂಟ್ ಪ್ರೋಗ್ರಾಮಿಗೆ ಮೈಕ್ರೋಸಾಫ್ಟ್‌ನ ಸಹಿ ಇದೆ. ‘ಸೆಕ್ಯೂರಿಟಿ ಪಾಲಿಸಿ ವಯೊಲೇಷನ್’ ಎಂದು ಬಂದು ಯಂತ್ರ ಆಫ್ ಆದರೆ ನಿಮ್ಮ ಐಎಸ್‌ಒ ಹಳೆಯದಿರುವ ಸಂಭವ ಹೆಚ್ಚು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್ ಪ್ರೋಗ್ರಾಮುಗಳನ್ನು ತಡೆಹಿಡಿಯಿತು, ಅದರಿಂದ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡಿದ್ದ ಅನೇಕರ ಲಿನಕ್ಸ್ ನಿಂತುಹೋಯಿತು. ಹೊಸ ಐಎಸ್‌ಒ ಇಳಿಸಿ ಬರೆಯಿರಿ. ಆದರೂ ಆಗದಿದ್ದರೆ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ. ಬಿಟ್‌ಲಾಕರ್ ಕೀ ಕೈಯಲ್ಲಿರಲಿ.

ಮೆನು ಬಂದು ಆಮೇಲೆ ಪರದೆ ಕಪ್ಪಾಗಿ ನಿಂತರೆ ಗ್ರಾಫಿಕ್ಸ್ ತೊಂದರೆ. ಮೆನುವಿನ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ. ಪೆನ್‌ಡ್ರೈವ್ ಮೆನುವಿನಲ್ಲೇ ಕಾಣದಿದ್ದರೆ ಬೇರೆ ಪೋರ್ಟಿಗೆ ಚುಚ್ಚಿ ನೋಡಿ, ಹಬ್ ಮೂಲಕ ಬೇಡ.

ಮಿಂಟ್ ಎದ್ದರೂ ಇನ್‌ಸ್ಟಾಲರ್‌ಗೆ ಹಾರ್ಡ್‌ಡಿಸ್ಕ್ ಕಾಣದಿರುವುದು ಇನ್ನೊಂದು ಸಾಮಾನ್ಯ ದೂರು. ಡಿಸ್ಕುಗಳನ್ನು ನಿರ್ವಹಿಸುವ ಇಂಟೆಲ್‌ನ ಆರ್‌ಎಸ್‌ಟಿ ವ್ಯವಸ್ಥೆ ಆನ್ ಇರುವುದು ಸಾಮಾನ್ಯವಾಗಿ ಇದಕ್ಕೆ ಕಾರಣ. ಬಯಾಸ್‌ನಲ್ಲಿ ಸಾಟಾ ಮೋಡ್ ಅನ್ನು ಎಎಚ್‌ಸಿಐಗೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ. ವಿಂಡೋಸ್ ಪೂರ್ತಿ ತೆಗೆಯುವವರಿಗೆ ಇದರಿಂದ ಏನೂ ಆಗದು. ಉಳಿಸಿಕೊಳ್ಳುವವರು ಮಾತ್ರ ಮೊದಲು ವಿಂಡೋಸ್ ಅನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿ, ಆಮೇಲೆ ಬಯಾಸ್ ಬದಲಿಸಬೇಕು. ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆಯಲ್ಲಿ ನಿಲ್ಲುತ್ತದೆ.

ಇನ್‌ಸ್ಟಾಲ್ ಒತ್ತುವ ಮುನ್ನ

ಪೆನ್‌ಡ್ರೈವಿನಿಂದ ಎದ್ದ ಮಿಂಟ್ ಇನ್ನೂ ನಿಮ್ಮ ಹಾರ್ಡ್‌ಡಿಸ್ಕಿಗೆ ಏನೂ ಬರೆದಿಲ್ಲ. ಈ ಲೈವ್ ಸ್ಥಿತಿಯಲ್ಲೇ ಸಾವಕಾಶವಾಗಿ ಎಲ್ಲ ಪರೀಕ್ಷಿಸಿ: ವೈ-ಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಟಚ್‌ಪ್ಯಾಡ್, ಕ್ಯಾಮೆರಾ, ಪರದೆಯ ಬೆಳಕು ಸರಿಯಿವೆಯೇ, ಮುಚ್ಚಳ ಮುಚ್ಚಿ ತೆರೆದರೆ ಮತ್ತೆ ಎದ್ದು ಬರುತ್ತದೆಯೇ. ವೈ-ಫೈ ಹಿಡಿಯದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ಬೇಕಾದ್ದನ್ನು ಹುಡುಕಿಕೊಡಬಲ್ಲದು.

ಕನ್ನಡದಲ್ಲಿ ಬರೆಯುವವರು ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಸೇರಿಸಿ ನೋಡಿ. ಸಾಮಾನ್ಯ ಲೇಔಟ್ ಅಲ್ಲದೆ ಕಗಪ ಎಂಬುದೂ ಅಲ್ಲಿದೆ, ನುಡಿಗೆ ಒಗ್ಗಿದ ಬೆರಳುಗಳಿಗೆ ಅದೇ ಹತ್ತಿರ. ಬ್ರೌಸರ್‌ನಲ್ಲಿ ಯಾವುದಾದರೂ ಕನ್ನಡ ಪತ್ರಿಕೆಯ ಪುಟ ತೆರೆದು ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ ಎಂದೂ ನೋಡಿಕೊಳ್ಳಿ. ಎಲ್ಲ ತೃಪ್ತಿಯಾದ ಮೇಲೆ, ಕಡತಗಳ ಬ್ಯಾಕಪ್ ಇನ್ನೊಂದು ಡಿಸ್ಕಿನಲ್ಲಿದೆ ಎಂದು ಖಚಿತವಾದ ಮೇಲೆ, ಡೆಸ್ಕ್‌ಟಾಪಿನ ಇನ್‌ಸ್ಟಾಲ್ ಐಕಾನ್ ಒತ್ತಿ.

ಇನ್‌ಸ್ಟಾಲ್ ಮುಗಿದ ಕೂಡಲೇ ಪೆನ್‌ಡ್ರೈವ್ ಅಳಿಸಬೇಡಿ. ಯಂತ್ರ ಬೂಟ್ ಆಗದ ಸ್ಥಿತಿ ಬಂದರೆ ಒಳಗಿನ ಕಡತ ಹೊರತೆಗೆಯಲು ಇದೇ ದಾರಿ, ಒಂದೆರಡು ವಾರ ಇರಲಿ. ಆಮೇಲೆ ಪೆನ್‌ಡ್ರೈವನ್ನು ಎಂದಿನ ಬಳಕೆಗೆ ತರಲು ರುಫಸ್‌ನಲ್ಲಿ ‘ಬೂಟ್ ಸೆಲೆಕ್ಷನ್’ ಎದುರು ‘ನಾನ್ ಬೂಟಬಲ್’ ಆರಿಸಿ, ಫೈಲ್ ಸಿಸ್ಟಮ್ ಎಕ್ಸ್‌ಫ್ಯಾಟ್ ಇಟ್ಟು ಸ್ಟಾರ್ಟ್ ಒತ್ತಿ. ಡಿಡಿ ಮೋಡ್‌ನಲ್ಲಿ ಬರೆದ ಮೇಲೆ ಕಡಿಮೆ ಕಾಣುತ್ತಿದ್ದ ಅಳತೆಯೂ ಪೂರ್ತಿ ಮರಳುತ್ತದೆ.